ಆರನೇ ಪ್ರೆಸ್ ನಿಂತ ರಾತ್ರಿ: ಭೋಸರಿಯ ಒಂದು ಪ್ರಕರಣ ಅಧ್ಯಯನ

ಪುಣೆ ಪಕ್ಕದ ಭೋಸರಿಯ ಎಂಐಡಿಸಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶದಲ್ಲಿ, ಗುರುವಾರ ವಾರದ ರಜೆ. ಪುಣೆಯ ಆಫೀಸುಗಳಿಗೆ ಭಾನುವಾರ ಹೇಗೋ, ಪಿಂಪ್ರಿ-ಚಿಂಚವಡ ಕಡೆಯ ಕಾರ್ಖಾನೆಗಳಿಗೆ ಗುರುವಾರ ಹಾಗೆ. ಅದಕ್ಕೇ ಇಲ್ಲಿ ಬುಧವಾರದ ರಾತ್ರಿ ಪಾಳಿ ಅಂದರೆ ಎಲ್ಲರಿಗೂ ತಲೆಬಿಸಿ. ರಜೆಗೆ ಮೊದಲು ಮಾಲು ಗಾಡಿ ಹತ್ತಬೇಕು. ಕೆಲಸದವರಿಗೆ ಧೈರ್ಯ ತುಂಬಿದ ಒಬ್ಬ ಶಿಫ್ಟ್ ಇನ್‌ಚಾರ್ಜ್ ಬಗ್ಗೆ ನಾನು ಹೇಳಲು ಹೊರಟ ಪ್ರಕರಣದ ಮುಖ್ಯ ಘಟನೆ ನಡೆದದ್ದು ಅಂಥ ಒಂದು ಬುಧವಾರ ರಾತ್ರಿ, 1 ಗಂಟೆ 40 ನಿಮಿಷಕ್ಕೆ. ಮಳೆಗಾಲ. ಮೇಲಿನ ತಗಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು ತಗಡು ಒತ್ತುವ ಪ್ರೆಸ್ಸುಗಳ ಸದ್ದಿನಲ್ಲಿ ಮುಳುಗಿಹೋಗಿತ್ತು.

ಕಂಪನಿಯ ಹೆಸರು ಹೇಳುವುದಿಲ್ಲ. ಟೂ-ವೀಲರ್‌ಗಳಿಗೆ ಬೇಕಾಗುವ ಬ್ರಾಕೆಟ್, ಕ್ಲ್ಯಾಂಪ್ ಇಂಥ ತಗಡಿನ ಜಾಬ್‌ಗಳನ್ನು ಹೊಡೆದು ಕೊಡುವ ಪ್ರೆಸ್ ಶಾಪ್ ಅದು. 14 ಪ್ರೆಸ್ಸುಗಳು. ಕೆಲಸದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಠೇಕೆದಾರನ ಕಡೆಯವರು. ಆಳಂದ, ಅಫಜಲಪುರ, ಇಂಡಿ, ಬಸವಕಲ್ಯಾಣದ ನಮ್ಮ ಹುಡುಗರಿದ್ದರು. ಸೋಲಾಪುರ, ಲಾತೂರಿನವರಿದ್ದರು. ಬಿಹಾರ, ಒಡಿಶಾದವರೂ ಇದ್ದರು. ನಾನು ಅಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಜಾಬ್ ಅಳೆಯುವುದು, ಕೆಟ್ಟದ್ದನ್ನು ಕೆಂಪು ಡಬ್ಬಿಗೆ ಹಾಕಿಸುವುದು, ರಿಜೆಕ್ಷನ್ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಆ ರಿಜಿಸ್ಟರ್ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಕೆಲಸದ ಜಾಗದಲ್ಲಿ ಸ್ಫೂರ್ತಿ ತುಂಬುವ ನಾಯಕ ಅಂದಾಗ ನಮ್ಮ ಕಣ್ಣಿಗೆ ಬರುವುದು ವೇದಿಕೆ, ಮೈಕು, ಚಪ್ಪಾಳೆ. ನಮ್ಮಲ್ಲೂ ಒಮ್ಮೆ ಅಂಥ ಭಾಷಣ ಏರ್ಪಡಿಸಿದ್ದರು. ಮಾತು ನಿಜಕ್ಕೂ ಚೆನ್ನಾಗಿತ್ತು, ಕೇಳುವಾಗ ನನಗೂ ಮೈ ಜುಮ್ ಅಂದಿತ್ತು. ಆದರೆ ಮರುದಿನ ಶಾಪ್ ಒಳಗೆ ಹೋದರೆ ಒಂಬತ್ತನೇ ಪ್ರೆಸ್ಸಿನ ಎಡಗೈ ಬಟನ್ ಮೇಲೆ ಟೇಪ್ ಹಾಗೇ ಇತ್ತು. ನಾನು ನೋಡಿದ ನಾಯಕ ಬೇರೆ ಥರದವರು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಜಮಖಂಡಿ ಕಡೆಯವರು. ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಅದರ ಫಿಟ್ಟರ್ ಆಗಿ ಕೆಲಸ ಶುರು ಮಾಡಿ, ಹದಿನೈದು ವರ್ಷಕ್ಕೂ ಜಾಸ್ತಿ ಅದೇ ಕೆಲಸ ಮಾಡಿ, ಆಮೇಲೆ ಶಿಫ್ಟ್ ಇನ್‌ಚಾರ್ಜ್ ಆಗಿ ನಮ್ಮಲ್ಲಿಗೆ ಬಂದವರು.

ಮೊದಲು ಆ ಟೇಪಿನ ವಿಷಯ ಹೇಳಿಬಿಡುತ್ತೇನೆ. ಅದು ಅರ್ಥವಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

ಪ್ರೆಸ್ಸಿನ ಮೇಲ್ಭಾಗದಲ್ಲಿ ಭಾರಿ ಫ್ಲೈವೀಲ್ ಸದಾ ತಿರುಗುತ್ತಿರುತ್ತದೆ. ಬಟನ್ ಒತ್ತಿದರೆ ಕ್ಲಚ್ ಅದನ್ನು ಹಿಡಿಯುತ್ತದೆ. ರ್‍ಯಾಮ್ ಅನ್ನುವ ಭಾರಿ ಕಬ್ಬಿಣದ ಭಾಗ ಕೆಳಗೆ ಬಂದು ತಗಡನ್ನು ಕತ್ತರಿಸಿಯೋ ಬಾಗಿಸಿಯೋ ಮೇಲೆ ಹೋಗುತ್ತದೆ. ಹಳೇ ಪ್ರೆಸ್ಸುಗಳಲ್ಲಿ ಕೀ ಕ್ಲಚ್ ಇರುತ್ತದೆ. ಅದು ಒಮ್ಮೆ ಹಿಡಿಯಿತು ಅಂದರೆ ಪೂರ್ತಿ ಒಂದು ಸುತ್ತು ಮುಗಿಯುವವರೆಗೆ ಬಿಡುವುದಿಲ್ಲ. ನಡುವೆ ಕೈ ಬಂದರೂ ಅಷ್ಟೇ. ಹೊಸ ಪ್ರೆಸ್ಸುಗಳಲ್ಲಿ ಗಾಳಿಯಿಂದ ನಡೆಯುವ ಕ್ಲಚ್ ಇರುತ್ತದೆ, ಕೈ ಅಡ್ಡ ಬಂದದ್ದನ್ನು ಸೆನ್ಸರ್ ಕಂಡರೆ ಅರ್ಧದಲ್ಲೇ ನಿಲ್ಲಬಲ್ಲದು. ಹಳೆಯದಕ್ಕೆ ಎಂಥ ಸೆನ್ಸರ್ ಹಾಕಿದರೂ ಅರ್ಧದಲ್ಲಿ ನಿಲ್ಲಿಸುವ ಶಕ್ತಿಯೇ ಇಲ್ಲ. ಅದಕ್ಕೇ ಅಲ್ಲಿ ಗಾರ್ಡ್ ಬೇಕು, ಜಾಬ್ ಹಿಡಿಯಲು ಚಿಮಟಾ ಬೇಕು, ಎರಡು ಕೈಗೆ ಎರಡು ಬಟನ್ ಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವಿಲ್ಲ, ಅಲ್ವಾ? ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು ಅಂತ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳುತ್ತಿತ್ತು. ಕಾನೂನಿಗೆ ಕೊರತೆ ಇರಲಿಲ್ಲ.

ಆದರೂ ಹುಡುಗರು ಒಂದು ಬಟನ್ನಿಗೆ ಟೇಪ್ ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿಬಿಡುತ್ತಿದ್ದರು. ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ಜಾಬ್ ಹಾಕಲು ತೆಗೆಯಲು. ಇಷ್ಟು ಜಾಬ್ ದಾಟಿದರೆ ಇನ್ಸೆಂಟಿವ್ ಅಂತಿತ್ತು. ಊರಲ್ಲಿ ತಂಗಿ ಮದುವೆಯ ಸಾಲ ಇರುವ ಹುಡುಗನಿಗೆ ಆ ದುಡ್ಡು ಸಣ್ಣದಲ್ಲ. ಕಾಕಾ ಬರುವ ಒಂದು ವರ್ಷ ಮೊದಲು ಹೀಗೇ ಒಬ್ಬ ಹುಡುಗನ ಎರಡು ಬೆರಳ ತುದಿ ಹೋಗಿದ್ದವು. ಅವನನ್ನು ಚಿಂಚವಡದ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ರಿಕ್ಷಾದಲ್ಲಿ ಅವನು ಅಳಲಿಲ್ಲ. "ಮನಿಗೆ ಫೋನ್ ಮಾಡಬ್ಯಾಡ್ರಿ" ಅಂತ ಅಷ್ಟೇ ಅಂದ. ಟೇಪ್ ಇರುವುದು ನನಗೆ ಮೊದಲೇ ಗೊತ್ತಿತ್ತು. ಅದು ನನ್ನ ವಿಭಾಗದ ವಿಷಯ ಅಲ್ಲ ಅಂತ ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಗಿನ ಇನ್‌ಚಾರ್ಜ್ ಟೇಪ್ ಕಿತ್ತು ಬಯ್ಯುತ್ತಿದ್ದರು. ಅವರು ತಿರುಗಿದ ಮೇಲೆ ಟೇಪ್ ಮತ್ತೆ ಬರುತ್ತಿತ್ತು.

ಕಾಕಾ ಬಂದ ಮೊದಲ ವಾರ ಟೇಪ್ ಮುಟ್ಟಲೇ ಇಲ್ಲ. ನನಗೆ ಬೇಜಾರಾಗಿತ್ತು, ನಿಜ ಹೇಳುತ್ತೇನೆ. ಎರಡನೇ ವಾರ ಒಂದು ದಿನ ಒಂಬತ್ತನೇ ಪ್ರೆಸ್ಸಿನ ಹುಡುಗನನ್ನು ಎಬ್ಬಿಸಿ, ಟೇಪ್ ತೆಗೆದು, ತಾವೇ ಕೂತರು. ಪೂರ್ತಿ ಒಂದು ಗಂಟೆ ಜಾಬ್ ಹೊಡೆದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಸಮಯ ನೋಡಲು ಹೇಳಿದರು. ಎರಡು ಕೈ ಬಟನ್ ಒತ್ತಿ ಮಾಡಿದರೆ ಪ್ರತಿ ಜಾಬ್‌ಗೆ ಎರಡು ಸೆಕೆಂಡಿನಷ್ಟು ಜಾಸ್ತಿ ಹೋಗುತ್ತಿತ್ತು. ಆದರೆ ಅವರ ಕಣ್ಣು ಇನ್ನೊಂದರ ಮೇಲಿತ್ತು. ತಗಡಿನ ತುಂಡುಗಳ ಡಬ್ಬಿ ನೆಲದ ಮೇಲೆ, ಬಲಗಡೆ ಹಿಂದೆ ಇತ್ತು. ಪ್ರತಿ ಸಲ ಬಗ್ಗಬೇಕು, ತಿರುಗಬೇಕು. ಹೊಡೆದ ಜಾಬ್ ಹಾಕುವ ಡಬ್ಬಿಯೂ ನೆಲದ ಮೇಲೇ. ಒಂದು ಗಂಟೆ ಮುಗಿಯುವಷ್ಟರಲ್ಲಿ ಕಾಕಾ ಸೊಂಟ ಹಿಡಿದುಕೊಂಡು ಎದ್ದರು. ಹುಡುಗ ನಕ್ಕ. ಕಾಕಾನೂ ನಕ್ಕರು. "ಎಂಟು ತಾಸು ಹೆಂಗ ಬಗ್ಗತೀಯೋ ತಮ್ಮಾ?"

ಅವತ್ತು ಸಂಜೆ ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಆ್ಯಂಗಲ್ ಎತ್ತಿಕೊಂಡು, ವೆಲ್ಡರ್‌ನ ಕೂರಿಸಿ, ಸೊಂಟದ ಎತ್ತರಕ್ಕೆ ಎರಡು ಸ್ಟ್ಯಾಂಡ್ ಮಾಡಿಸಿದರು. ಒಂದು ಎಡಕ್ಕೆ, ಒಂದು ಬಲಕ್ಕೆ. ಮರುದಿನ ಅದೇ ಹುಡುಗ ಎರಡು ಕೈ ಬಟನ್ ಒತ್ತಿ, ಚಿಮಟಾ ಹಿಡಿದು, ಟೇಪ್ ಇದ್ದಾಗಿನಷ್ಟೇ ಜಾಬ್ ತೆಗೆದ. ಬಗ್ಗುವುದರಲ್ಲಿ ಹೋಗುತ್ತಿದ್ದ ಹೊತ್ತು ಕೈಗೆ ಸಿಕ್ಕಿತ್ತು. ತಿಂಗಳೊಳಗೆ ಮಿಕ್ಕ ಪ್ರೆಸ್ಸಿನವರು "ನಮಗೂ ಸ್ಟ್ಯಾಂಡ್ ಮಾಡಸ್ರಿ" ಅಂತ ತಾವೇ ಕೇಳತೊಡಗಿದರು. ಟೇಪಿನ ಬಗ್ಗೆ ಒಂದು ನೋಟಿಸನ್ನೂ ಹಾಕಲಿಲ್ಲ.

ಈ ಘಟನೆಯನ್ನು ನಾನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣ ಇದೆ. ಹುಡುಗರು ಕಾಕಾನನ್ನು ಒಪ್ಪಿಕೊಳ್ಳಲು ಶುರು ಮಾಡಿದ್ದು ಇಲ್ಲಿಂದ. ತಪ್ಪು ಮಾಡುತ್ತಿದ್ದವನನ್ನು ಅವರು ಸೋಮಾರಿ ಅಂತಲೋ ದಡ್ಡ ಅಂತಲೋ ನೋಡಲಿಲ್ಲ. ಇವನು ಹೀಗೆ ಮಾಡಲು ಏನೋ ಕಾರಣ ಇರಬೇಕು ಅಂದುಕೊಂಡು, ಅವನ ಜಾಗದಲ್ಲಿ ಕೂತು ಹುಡುಕಿದರು.

ಅದೇ ದಿನಗಳಲ್ಲಿ ಪಾಳಿ ಶುರುವಾಗುವ ಮೊದಲು ಒಂದು ಮಾತು ಹೇಳಿದ್ದರು. ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ. "ಮಷೀನ್ ಮ್ಯಾಲ ಸಂಶೆ ಬಂತಂದ್ರ ಬಂದ್ ಮಾಡ್ರಿ. ಮ್ಯಾಲಿನವರಿಗೆ ಉತ್ತರ ನಾ ಕೊಡ್ತೀನಿ."

ಯಾರೂ ನಿಲ್ಲಿಸಲಿಲ್ಲ. ಏಳು ವಾರ ಹೋಯಿತು. ಎಲ್ಲ ಪ್ರೆಸ್ಸಿನ ಮೇಲೂ ಕೆಂಪು, ಹಳದಿ, ಹಸಿರು ದೀಪದ ಕಂಬ ಇತ್ತು. ಕೆಂಪು ಹತ್ತಿದ್ದನ್ನು ನಾನು ನೋಡಿರಲೇ ಇಲ್ಲ. ಇಂಥ ದೀಪ ಜಪಾನಿನ ಟೊಯೋಟಾ ಕಾರ್ಖಾನೆಗಳಿಂದ ಬಂದ ಪದ್ಧತಿ. ಅಲ್ಲಿ ಕೆಲಸಗಾರ ತಲೆ ಮೇಲಿನ ಹಗ್ಗ ಎಳೆದರೆ ದೀಪ ಹತ್ತುತ್ತದೆ, ಟೀಮ್ ಲೀಡರ್ ಅವನ ಬಳಿಗೆ ಓಡಿ ಬರುತ್ತಾನೆ, ಇಬ್ಬರೂ ಸೇರಿ ತೊಂದರೆ ಸರಿಪಡಿಸಲು ನೋಡುತ್ತಾರೆ, ಆಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗವನ್ನು, ದೀಪವನ್ನು ಯಾರು ಬೇಕಾದರೂ ಕೊಂಡು ತರಬಹುದು. ನಮ್ಮಲ್ಲೂ ತಂದಿದ್ದರು. ಓಡಿ ಬರುವವನು ಯಾವ ಮುಖ ಹೊತ್ತು ಬರುತ್ತಾನೆ ಅನ್ನುವುದೇ ಹುಡುಗರಿಗೆ ಗೊತ್ತಿರಲಿಲ್ಲ.

ಈಗ ಆ ಬುಧವಾರ ರಾತ್ರಿಗೆ ಬರೋಣ.

ಆರನೇ ಪ್ರೆಸ್ ಹಳೇ ಕೀ ಕ್ಲಚ್ಚಿನದು. ಅದರ ಮೇಲೆ ಆಳಂದ ಕಡೆಯ ಹುಡುಗ, ಬಂದು ನಾಲ್ಕು ತಿಂಗಳಾಗಿತ್ತು. 1 ಗಂಟೆ 40ಕ್ಕೆ ಕೆಂಪು ದೀಪ ಹತ್ತಿತು. ನಾನು ಎರಡು ಪ್ರೆಸ್ ಆಚೆ ಜಾಬ್ ಅಳೆಯುತ್ತಿದ್ದೆ. ಹುಡುಗ ಎದ್ದು ನಿಂತಿದ್ದ. ಕಾಕಾ ಬಂದರು.

"ಕಾಕಾ, ಮಷೀನ್ ಡಬಲ್ ಹೊಡೀತ್ರಿ. ಒಂದ ಸಲ. ನಾ ಬಟನ್ ಒತ್ತಿಲ್ರಿ."

ಡಬಲ್ ಹೊಡೆಯುವುದು ಅಂದರೆ, ಒತ್ತದೇ ಇದ್ದರೂ ರ್‍ಯಾಮ್ ಇನ್ನೊಮ್ಮೆ ಕೆಳಗೆ ಬರುವುದು. ಕೀ ಸವೆದರೆ, ಸ್ಪ್ರಿಂಗ್ ಸೋತರೆ, ಬ್ರೇಕ್ ಹಿಡಿಯದಿದ್ದರೆ ಹೀಗಾಗುತ್ತದೆ. ಪ್ರೆಸ್ ಶಾಪಿನಲ್ಲಿ ಇದಕ್ಕಿಂತ ಹೆದರಿಕೆಯ ಮಾತಿಲ್ಲ. ರ್‍ಯಾಮ್ ಮೇಲೆ ಹೋಯಿತು ಅಂತ ನಂಬಿ ಜಾಬ್ ತೆಗೆಯಲು ಹೋದ ಕೈ ಒಳಗಿರುತ್ತದೆ.

ಕಾಕಾ ಮೊದಲು ಕೇಳಿದ್ದು: "ಕೈ ತೋರ್ಸು."

ಹುಡುಗ ಎರಡೂ ಕೈ ಚಾಚಿದ. ಎಣ್ಣೆ ಮೆತ್ತಿದ ಕೈ. ಕಾಕಾ ಅಂಗೈ ತಿರುಗಿಸಿ, ಬೆರಳೆಲ್ಲ ನೋಡಿ, "ಛಲೋ ಮಾಡಿದಿ" ಅಂದರು. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ತಮ್ಮ ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡರು. ಡೈ ನಡುವೆ ಮರದ ದಿಮ್ಮಿ ಇಟ್ಟರು. ಆ ಮೇಲೇ ಮೇಂಟೆನೆನ್ಸ್‌ನವರನ್ನು ಕರೆದರು.

ಕ್ಲಚ್ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಕೀ ಸರಿಯಿತ್ತು. ಸ್ಪ್ರಿಂಗ್ ಸರಿಯಿತ್ತು. ಬ್ರೇಕಿನ ಲೈನಿಂಗ್ ಸ್ವಲ್ಪ ಸವೆದಿತ್ತು, ಆದರೆ ಅಂಥದ್ದು ಬೇರೆ ಪ್ರೆಸ್ಸಿನಲ್ಲೂ ಇತ್ತು. ಮೇಂಟೆನೆನ್ಸ್ ಹುಡುಗ ಮೆಲ್ಲಗೆ "ನಿದ್ದಿಗಣ್ಣಾಗ ಇವನೇ ಒತ್ತಿರಬೇಕು" ಅಂದ. ಆಳಂದದ ಹುಡುಗನ ಮುಖ ಸಣ್ಣದಾಯಿತು. ಕಾಕಾ ಅವನ ಕಡೆ ನೋಡಲಿಲ್ಲ, ಮೇಂಟೆನೆನ್ಸ್‌ನವನಿಗೇ ಹೇಳಿದರು: "ಅಂವ ನೋಡೀನಿ ಅಂದಾನ. ಲೈನಿಂಗ್ ಬದಲಿ ಮಾಡು." ಹೊಸ ಲೈನಿಂಗ್ ಸ್ಟೋರಿನಲ್ಲಿ ಇರಲಿಲ್ಲ. ಬೆಳಗಾಗುವವರೆಗೆ ಆರನೇ ಪ್ರೆಸ್ ನಿಂತೇ ಇತ್ತು. ಗಾಡಿ ಕೊರತೆ ಮಾಲಿನೊಂದಿಗೆ ಹೋಯಿತು.

ಬೆಳಿಗ್ಗೆ ಪ್ಲಾಂಟ್ ಹೆಡ್ ಸಾಹೇಬರು ಬಂದರು. ಅವರನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಮಾಲು ಕಡಿಮೆ ಬಿದ್ದರೆ ದೊಡ್ಡ ಕಂಪನಿಯ ಲೈನ್ ನಿಲ್ಲುವ ಭಯ, ಅಲ್ಲಿಂದ ಬರುವ ಫೋನುಗಳಿಗೆಲ್ಲ ಉತ್ತರ ಕೊಡಬೇಕಾದವರು ಅವರು. "ಕೋಣೀ ಬಂದ್ ಕೇಲಾ?" ಅಂತ ಮರಾಠಿಯಲ್ಲಿ ಕೇಳಿದರು. ಯಾರು ನಿಲ್ಲಿಸಿದ್ದು?

ಕಾಕಾ ಅಂದರು, "ಸಾಹೇಬ್, ನಿಲ್ಲಿಸಿ ಅಂತ ಹೇಳಿದ್ದು ನಾನು. ನನ್ನ ಹೆಸರು ಬರೆದುಕೊಳ್ಳಿ."

ಹುಡುಗನ ಹೆಸರು ಅವರ ಬಾಯಿಂದ ಬರಲಿಲ್ಲ. ಸುಳ್ಳೂ ಹೇಳಲಿಲ್ಲ. ಮೆಮೊ ಕಾಕಾ ಹೆಸರಿಗೆ ಬಂತು, ಆ ತಿಂಗಳ ಇನ್ಸೆಂಟಿವ್ ಹೋಯಿತು. ಆ ಮೆಮೊವನ್ನು ಅವರು ಯಾರಿಗೂ ತೋರಿಸಿಕೊಳ್ಳಲಿಲ್ಲ. ಆಫೀಸಿನ ಹುಡುಗನಿಂದ ಶಾಪಿಗೆ ಗೊತ್ತಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಗಿದ್ದು ಬೇರೆ. ನಮ್ಮ ಕನ್ನಡದ ಹುಡುಗರು ಹಿಗ್ಗಿದರು. ಉಳಿದವರು ಹೇಳಿದ್ದು ಒಂದೇ ಮಾತು: "ಅಪನಾ ಆದ್ಮೀ ಥಾ, ಬಚಾ ಲಿಯಾ." ತನ್ನವನು ಅಂತ ಉಳಿಸಿಕೊಂಡ. ಹೊರ ರಾಜ್ಯದಲ್ಲಿ ದುಡಿಯುವ ನಮ್ಮವರು ಇದನ್ನು ಸ್ವಲ್ಪ ಯೋಚಿಸಬೇಕು. ಒಂದೇ ಊರು, ಒಂದೇ ಮಾತು ಅನ್ನುವುದು ದೊಡ್ಡ ಆಸರೆ. ಊಟದ ಹೊತ್ತಿಗೆ ಶೇಂಗಾ ಚಟ್ನಿ ಹಂಚಿಕೊಂಡು ರೊಟ್ಟಿ ತಿನ್ನುವಾಗ ಪರದೇಶ ಅನ್ನಿಸುವುದಿಲ್ಲ. ಆದರೆ ಆ ಸಾಲಿನಲ್ಲಿ ಜಾಗವಿಲ್ಲದವನು ದೂರದಿಂದ ಏನು ನೋಡುತ್ತಾನೆ? ಕಾಕಾಗೆ ಇದು ಗೊತ್ತಿತ್ತು. ಶಾಪ್ ಒಳಗೆ ಬೇರೆಯವರು ಇದ್ದಾಗ ನಮ್ಮ ಜೊತೆಗೂ ಅವರು ಹಿಂದಿಯಲ್ಲೇ ಮಾತಾಡುತ್ತಿದ್ದರು. ಅವರ ಹಿಂದಿ ಕಷ್ಟದ್ದು, ಲಿಂಗವೆಲ್ಲ ತಪ್ಪು. ಆದರೂ ಬಿಡಲಿಲ್ಲ. ಊಟಕ್ಕೆ ದಿನಾ ಒಂದೊಂದು ಗುಂಪಿನ ಜೊತೆ ಕೂರುತ್ತಿದ್ದರು. ಆದರೂ ಅನುಮಾನ ಉಳಿದಿತ್ತು.

ಮೂರು ವಾರದ ಮೇಲೆ ಎರಡನೇ ಸಲ ಕೆಂಪು ದೀಪ ಹತ್ತಿತು. ಈ ಸಲ ಒಡಿಶಾದ ಹುಡುಗ. ತಪ್ಪು ಪೂರ್ತಿ ಅವನದೇ. ಎರಡು ತಗಡು ಅಂಟಿಕೊಂಡಿದ್ದನ್ನು ನೋಡದೆ ಒಟ್ಟಿಗೆ ಹಾಕಿ ಹೊಡೆದಿದ್ದ. ಡೈನಲ್ಲಿ ತಗಡನ್ನು ಕತ್ತರಿಸುವ ಪಂಚ್ ಬಿರುಕು ಬಿಟ್ಟಿತು. ಡೈ ರಿಪೇರಿ ಅಂದರೆ ಸಣ್ಣ ಖರ್ಚಲ್ಲ, ಆರನೇ ಪ್ರೆಸ್ ನಿಂತ ನಷ್ಟಕ್ಕಿಂತ ಜಾಸ್ತಿ. ಮೊದಲಾಗಿದ್ದರೆ ಯಾರಾದರೂ ಹೇಳುತ್ತಿದ್ದರಾ? ಸುಮ್ನೆ ಹೊಡೆಯುತ್ತಾ ಹೋಗುತ್ತಿದ್ದರು. ಬಿರುಕಿನ ಪಂಚಿನಿಂದ ಅಂಚಿಗೆ ಬರ್, ಅಂದರೆ ಚೂಪು ಮುಳ್ಳು, ಬಂದ ಜಾಬ್‌ಗಳನ್ನು ಡಬ್ಬಿಯ ತಳಕ್ಕೆ ಹಾಕಿ, ಮೇಲೆ ಒಳ್ಳೆಯದನ್ನು ಜೋಡಿಸಿ, ಮುಂದಿನ ಪಾಳಿಯವನ ತಲೆಗೆ ಕಟ್ಟುತ್ತಿದ್ದರು. ಅಂಥ ಡಬ್ಬಿಗಳನ್ನು ನಾನೇ ಎಷ್ಟೋ ಸಲ ಬಗ್ಗಿಸಿ ನೋಡಿದ್ದೇನೆ.

ಹುಡುಗ ನಡುಗುತ್ತಿದ್ದ. "ಮೇರಾ ಗಲತೀ ಹೈ ಕಾಕಾ" ಅಂದ.

"ಹಾಥ್ ದಿಖಾ."

ಅದೇ ಮಾತು. ಅದೇ ಥರ ಅಂಗೈ ತಿರುಗಿಸಿ ನೋಡಿದರು. ಬೀಗ ಹಾಕಿದರು. ಆಮೇಲೆ ಆ ಎರಡು ತಗಡನ್ನು ಕೈಗೆ ತೆಗೆದುಕೊಂಡು, ಯಾಕೆ ಅಂಟಿಕೊಂಡವು ಅಂತ ನೋಡಿದರು. ಎಣ್ಣೆ ಜಾಸ್ತಿಯಾಗಿತ್ತು. ಮರುದಿನ ತಗಡು ಬಿಡಿಸಲು ಸ್ಟ್ಯಾಂಡಿನ ಪಕ್ಕ ಒಂದು ಅಯಸ್ಕಾಂತ ಕೂರಿಸಿದರು, ಎರಡು ತಗಡು ಅದರ ಬಳಿ ಹೋದರೆ ತಾವೇ ದೂರ ಸರಿಯುತ್ತವೆ. ಬೆಳಿಗ್ಗೆ ಸಾಹೇಬರ ಮುಂದೆ ಮತ್ತೆ ತಮ್ಮ ಹೆಸರನ್ನೇ ಕೊಟ್ಟರು. ಜೊತೆಗೆ ಹುಡುಗ ತಾನೇ ಬಂದು ಹೇಳಿದ್ದರಿಂದ ಕೆಟ್ಟ ಮಾಲು ಗಾಡಿ ಹತ್ತುವುದು ತಪ್ಪಿತು ಅಂತಲೂ ಹೇಳಿದರು. ಈ ಸಲ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡೈ ಕಧೀ ಮಿಳೇಲ್?", ಡೈ ಯಾವಾಗ ಸಿಗುತ್ತದೆ, ಅಂತ ಕೇಳಿ ಹೋದರು. ಮೆಮೊ ಬರಲಿಲ್ಲ.

ಶಾಪ್ ಬದಲಾದದ್ದು ಈ ಎರಡನೇ ರಾತ್ರಿಯಿಂದ ಅನ್ನುವುದು ನನ್ನ ತೀರ್ಮಾನ. ಮೊದಲ ಸಲ ಕಾಕಾ ತಮ್ಮ ಮಾತು ಉಳಿಸಿಕೊಂಡರು. ಎರಡನೇ ಸಲ ಅದೇ ಮಾತನ್ನು ತಮ್ಮವನಲ್ಲದವನಿಗೆ, ಅದೂ ತಪ್ಪು ಮಾಡಿದವನಿಗೆ ಉಳಿಸಿದರು. ಆ ತಿಂಗಳಲ್ಲಿ ಕೆಂಪು ದೀಪ 11 ಸಲ ಹತ್ತಿತು. ಅದರಲ್ಲಿ ಅರ್ಧದಷ್ಟು ಸಲ ಏನೂ ಇರಲಿಲ್ಲ. ಕಾಕಾ ಪ್ರತಿ ಸಲ ಅಷ್ಟೇ ಬೇಗ ಬಂದರು.

ಈಗ ನನ್ನ ರಿಜಿಸ್ಟರ್. ಆ ಮೂರು ತಿಂಗಳಲ್ಲಿ ರಿಜೆಕ್ಷನ್ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಮೀಟಿಂಗಿನಲ್ಲಿ ದೊಡ್ಡ ಗಲಾಟೆ. ಕಾಕಾ ಬಂದ ಮೇಲೆ ಕೆಲಸ ಕೆಟ್ಟಿತು ಅಂತ ಗ್ರಾಫ್ ತೋರಿಸಿದರು. ನನಗೆ ಮಾತ್ರ ಗೊತ್ತಿತ್ತು, ಕೆಟ್ಟ ಜಾಬ್ ಮೊದಲೂ ಅಷ್ಟೇ ಇತ್ತು, ಈಗ ಹುಡುಗರು ಕೆಂಪು ಡಬ್ಬಿಗೆ ತಾವೇ ತಂದು ಹಾಕುತ್ತಿದ್ದಾರೆ. ಅವತ್ತು ನಾನು ಎದ್ದು ನಿಂತು ಮಾತಾಡಿದೆ. ಗ್ರಾಹಕರಿಂದ ವಾಪಸ್ ಬಂದ ಮಾಲಿನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ ಅಂದೆ. ಅದು ಇಳಿದಿತ್ತು. ಮೀಟಿಂಗಿನಲ್ಲಿ ನಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಆಮೇಲೆ ಎಷ್ಟೋ ದಿನಕ್ಕೆ ಓದಿದೆ, ಇದೇ ವಿಷಯ ಅಮೆರಿಕದ ಆಸ್ಪತ್ರೆಗಳಲ್ಲಿ 1990ರ ದಶಕದಲ್ಲೇ ಕಂಡಿತ್ತಂತೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ನರ್ಸುಗಳ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ತಂಡಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಅದನ್ನು ಓದಿದಾಗ ನನ್ನ ಎಣ್ಣೆ ಕಲೆಯ ರಿಜಿಸ್ಟರ್ ಕಣ್ಣಮುಂದೆ ಬಂತು. ಪಾಲ್ ಓನೀಲ್ ಅನ್ನುವವರು 1987ರಲ್ಲಿ ಅಲ್ಕೋವಾ ಅನ್ನುವ ದೊಡ್ಡ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದಾಗ ಹೂಡಿಕೆದಾರರ ಮುಂದೆ ಲಾಭದ ಮಾತು ಬಿಟ್ಟು ಕೆಲಸಗಾರರ ಸುರಕ್ಷತೆಯ ಮಾತಿನಿಂದಲೇ ಶುರು ಮಾಡಿದ್ದರಂತೆ. ಕಾಕಾಗೆ ಈ ಹೆಸರುಗಳು ಯಾವುವೂ ಗೊತ್ತಿರಲಿಲ್ಲ. ಆದರೆ ಓನೀಲ್, ಕಾಕಾ ಇಬ್ಬರೂ ಹಿಡಿದದ್ದು ಒಂದೇ ಜಾಗ. ಕೆಲಸದವನ ಮೈಗೆ ಪೆಟ್ಟಾಗಬಾರದು ಅನ್ನುವ ಮಾತನ್ನು ಬಾಯಲ್ಲಿ ಹೇಳಿ ನಿಭಾಯಿಸಲು ಆಗುವುದಿಲ್ಲ. ಒಂದಲ್ಲ ಒಂದು ರಾತ್ರಿ ಅದು ದುಡ್ಡು ಕೇಳುತ್ತದೆ.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಠೇಕೆದಾರನ ಹುಡುಗರಿಗೆ ಕಾಯಂ ಕೆಲಸ ಸಿಗಲಿಲ್ಲ, ಕಾಕಾ ಎರಡು ಸಲ ಕೇಳಿ ಸೋತರು. ಹಳೇ ಪ್ರೆಸ್ಸುಗಳಿಗೆ ಗಾಳಿ ಕ್ಲಚ್ ಹಾಕಿಸಿ ಅಂತ ಬರೆದುಕೊಟ್ಟಿದ್ದರು, ಒಂದಕ್ಕೆ ಮಾತ್ರ ಬಂತು. ಆರನೆಯದಕ್ಕೆ. ಅದೂ ಒಂದೂವರೆ ವರ್ಷದ ಮೇಲೆ. ಕಾಕಾಗೂ ಸಿಟ್ಟು ಬರುತ್ತಿತ್ತು. ಒಮ್ಮೆ ಫಿಟ್ಟರ್ ಒಬ್ಬನಿಗೆ ಎಲ್ಲರೆದುರು ಬಯ್ದರು, ಅವನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅಷ್ಟೇ ಜನರ ಮುಂದೆ "ಅವತ್ತ ನಂದ ತಪ್ಪಾತು" ಅಂದರು. ಬೈದದ್ದು ಎಲ್ಲರಿಗೂ ಕೇಳಿಸಿತ್ತು, ಇದೂ ಎಲ್ಲರಿಗೂ ಕೇಳಬೇಕು ಅಂತ ಅವರ ಲೆಕ್ಕ.

ಅವರಿದ್ದ ಎರಡೂವರೆ ವರ್ಷದಲ್ಲಿ ನಮ್ಮ ಪಾಳಿಯಲ್ಲಿ ಯಾರ ಬೆರಳೂ ಹೋಗಲಿಲ್ಲ. ಆರನೇ ಪ್ರೆಸ್ ಆ ರಾತ್ರಿ ನಿಜಕ್ಕೂ ಡಬಲ್ ಹೊಡೆದಿತ್ತೋ ಇಲ್ಲವೋ, ಕೊನೆಗೂ ಗೊತ್ತಾಗಲಿಲ್ಲ.

ಆಮೇಲೆ ಅವರು ಚಾಕಣದ ಬೇರೆ ಕಂಪನಿಗೆ ಹೋದರು. ನಾನೂ ಸ್ವಲ್ಪ ದಿನಕ್ಕೆ ಬಿಟ್ಟೆ. ಒಡಿಶಾದ ಆ ಹುಡುಗ ಅಲ್ಲೇ ಇದ್ದಾನೆ, ಈಗ ಡೈ ಸೆಟ್ಟರ್. ಹೋದ ದಸರೆಗೆ ಫೋನ್ ಮಾಡಿದ್ದ. ಹೊಸ ಇನ್‌ಚಾರ್ಜ್ ಬಂದು, ಟ್ರಾಲಿ ಓಡಾಡಲು ಜಾಗ ಬೇಕು ಅಂತ ಸ್ಟ್ಯಾಂಡುಗಳನ್ನೆಲ್ಲ ಗೋಡೆ ಬದಿಗೆ ಎತ್ತಿ ಹಾಕಿಸಿದ್ದರಂತೆ. ಡಬ್ಬಿಗಳು ಮತ್ತೆ ನೆಲಕ್ಕೆ ಬಂದವಂತೆ. ಒಂದು ವಾರದಲ್ಲಿ ಒಂದು ಬಟನ್ ಮೇಲೆ ಟೇಪ್ ಕಂಡಿತಂತೆ.

"ಫಿರ್?" ಅಂತ ಕೇಳಿದೆ.

ರಾತ್ರಿ ಪಾಳಿಯಲ್ಲಿ ನಾಲ್ಕು ಜನ ಸೇರಿ ಸ್ಟ್ಯಾಂಡುಗಳನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟರಂತೆ. ಬೆಳಿಗ್ಗೆ ಯಾರು ಎಳೆದದ್ದು ಅಂತ ಇನ್‌ಚಾರ್ಜ್ ಕೇಳಿದಾಗ ಇವನು ಮುಂದೆ ಬಂದು ತನ್ನ ಹೆಸರು ಕೊಟ್ಟನಂತೆ. ಆಮೇಲೆ ಇನ್‌ಚಾರ್ಜ್‌ನ ಒಂಬತ್ತನೇ ಪ್ರೆಸ್ಸಿನ ಮುಂದೆ ಕೂರಿಸಿ, ಒಂದು ಗಂಟೆ ಜಾಬ್ ಹೊಡೆದು ನೋಡಿ ಅಂದನಂತೆ.